ಸ್ತ್ರೀವೇಷಕ್ಕೆ ಮೀಸೆ ಬಂದ ವರ್ಷ

ಒಂಬತ್ತನೇ ಕ್ಲಾಸಿಗೆ ಹೋಗುವವರೆಗೆ ನನ್ನಷ್ಟು ಚಂದದ ಹೆಂಗಸು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಇರಲಿಲ್ಲ. ಇದು ನನ್ನ ಮಾತಲ್ಲ, ಯಕ್ಷಗಾನದ ಆಟ ಮುಗಿದ ಮೇಲೆ ಚೌಕಿಗೆ, ಎಂದರೆ ಬಣ್ಣ ಹಚ್ಚುವ ಕೋಣೆಗೆ, ಬಂದು ನನ್ನ ಗಲ್ಲ ಹಿಂಡಿ ಹೋಗುತ್ತಿದ್ದವರ ಮಾತು. ನಾನು ಅದನ್ನು ಪೂರ್ತಿಯಾಗಿ ನಂಬಿದ್ದೆ, ಅಷ್ಟೇ ನನ್ನ ಪಾಲು.

ನಾನು ಗಂಡು. ಈಗ ಗಡ್ಡ ಬಿಟ್ಟು ತಿರುಗುವ, ಕನ್ನಡಿ ನೋಡಲು ಪುರುಸೊತ್ತಿಲ್ಲದ ಗಂಡಸು. ಆಗ ಬೆಟ್ಟಂಪಾಡಿಯ ಒಂದು ಶಾಲೆಯ ಜಗಲಿಯಲ್ಲಿ ಆದಿತ್ಯವಾರ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದ್ದರು. ಗುರುಗಳು ಮಂಡೆಕೋಲಿನಿಂದ ಬೈಕಿನಲ್ಲಿ ಬರುತ್ತಿದ್ದರು, ನಾನು ಕೆದಂಬಾಡಿಯಿಂದ ಬಸ್ಸಿನಲ್ಲಿ. ಐದನೇ ಕ್ಲಾಸಿನಲ್ಲಿ ನನ್ನನ್ನು ಸೇರಿಸುವಾಗ ಗುರುಗಳು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಇವನು ಸ್ತ್ರೀವೇಷಕ್ಕೆ ಎಂದರು. ಅಷ್ಟೇ. ಅಲ್ಲಿಂದ ನಾನು ರಾಣಿಯಾದೆ, ರಾಜಕುಮಾರಿಯಾದೆ, ಋಷಿಯ ಮಗಳಾದೆ. ಸುಳ್ಯದಲ್ಲಿ ಒಮ್ಮೆ ಒಬ್ಬರು ಅಜ್ಜಿ ಚೌಕಿಯ ಪರದೆ ಸರಿಸಿ, ಈ ಹುಡುಗಿ ಯಾವ ಮನೆಯದು, ತನ್ನ ಮೊಮ್ಮಗನಿಗೆ ಕೇಳಬಹುದಿತ್ತು ಎಂದು ಗುರುಗಳ ಹತ್ತಿರ ವಿಚಾರಿಸಿದ್ದರು. ಆ ಕಥೆಯನ್ನು ನಾನು ಶಾಲೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ಕೊನೆಗೆ ಗೆಳೆಯರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ನನ್ನ ಜಂಬಕ್ಕೆ ಇನ್ನೊಂದು ಕಾರಣವಿತ್ತು. ತಂಡದ ಪೆಟ್ಟಿಗೆಯಲ್ಲಿ ಸ್ತ್ರೀವೇಷಕ್ಕೆಂದು ಇದ್ದದ್ದು ಕಪ್ಪು ನೈಲಾನಿನ ಜಡೆ. ನನಗೆ ಮಾತ್ರ ನಿಜವಾದ ಕೂದಲಿನ ಚೌರಿ. ಅದು ಅಮ್ಮನ ಕೂದಲು. ಅಮ್ಮನ ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ತಲೆ ಬಾಚುವಾಗ ಬಾಚಣಿಗೆಯಲ್ಲಿ ಬಂದದ್ದನ್ನು ಬೆರಳಿಗೆ ಸುತ್ತಿ ಸಣ್ಣ ಉಂಡೆ ಮಾಡಿ, ಕನ್ನಡಿಯ ಹಿಂದೆ ನೇತು ಹಾಕಿದ ಬಟ್ಟೆಯ ಚೀಲಕ್ಕೆ ತುರುಕುತ್ತಿದ್ದರು. ಅಜ್ಜಿ, ಎಂದರೆ ಅಪ್ಪನ ಅಮ್ಮ, ಕಲಿಸಿದ ಪದ್ಧತಿ ಅದು. ಉದುರಿದ ಕೂದಲನ್ನು ಅಂಗಳಕ್ಕೆ ಎಸೆಯಬಾರದು. ನೆರೆಮನೆಯವರು ಹಾಗೆ ಕೂಡಿಟ್ಟದ್ದನ್ನು ಪಾತ್ರೆ ಮಾರುವವರಿಗೆ ಕೊಟ್ಟು ಸ್ಟೀಲಿನ ಲೋಟ ತೆಗೆದುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಅದು ನನಗೆ. ಅಮ್ಮ ಮದುವೆಯಾಗಿ ಬಂದಂದಿನಿಂದ ಕೂಡಿಟ್ಟದ್ದೆಲ್ಲ ಸೇರಿ ಒಂದು ಸಪೂರ ಚೌರಿಯಾಗಿತ್ತು. ತೋಳಿನಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಸಣ್ಣ ರಾಜಕುಮಾರಿಗೆ ಅದು ಸಾಕಾಗುತ್ತಿತ್ತು.

ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದ ಆದಿತ್ಯವಾರ ಗುರುಗಳು ಎಲ್ಲರನ್ನೂ ಕೂರಿಸಿ ದೊಡ್ಡ ಸುದ್ದಿ ಹೇಳಿದರು. ಬರುವ ಜನವರಿಯಲ್ಲಿ ಕಡಬದಲ್ಲಿ ನಮ್ಮ ಆಟ. ಅರ್ಧ ಗಂಟೆಯ ತುಂಡು ಆಟವಲ್ಲ, ಪೂರ್ತಿ ಪ್ರಸಂಗ. ಅದನ್ನು ಗುರುಗಳೇ ನಮಗೆಂದು ಬರೆದಿದ್ದರು. ಯುದ್ಧಕ್ಕೆ ಹೊರಟ ರಾಜ, ಅವನನ್ನು ಕಳುಹಿಸಲು ಮನಸ್ಸಿಲ್ಲದ ರಾಣಿ, ರಾಜ ಇಲ್ಲದಾಗ ಅರಮನೆ ಕಾಯುವ ರಾಣಿ. ಕಥೆಯೆಲ್ಲ ರಾಣಿಯ ಸುತ್ತ. ರಾಣಿ ನಾನು. ರಾಜನ ವೇಷಕ್ಕೆ ನನಗಿಂತ ಒಂದು ಕ್ಲಾಸು ಕೆಳಗಿನ ಒಬ್ಬಳು ಹುಡುಗಿ. ಅವಳು ಹೆಜ್ಜೆ ಹಾಕಿದರೆ ಜಗಲಿಯೇ ಅಲ್ಲಾಡುತ್ತಿತ್ತು, ನಾನು ಹಾಕಿದರೆ ಗೆಜ್ಜೆ ಮಾತ್ರ ಕೇಳುತ್ತಿತ್ತು. ಅವಳು ರಾಜ, ನಾನು ರಾಣಿ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾನು ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದೆ, ಈ ಸಲ ಚೌರಿ ದಪ್ಪ ಬೇಕು, ರಾಣಿಯ ಜಡೆ ಎಂದರೆ ಕೈಗೆ ಸಿಗುವಂತಿರಬೇಕು.

ಅಮ್ಮ, ಆಗ್ತದೆ ಬಿಡು ಎಂದರು.

ಮೇ ತಿಂಗಳಿನಲ್ಲಿ ನನ್ನ ಮೂಗಿನ ಪಕ್ಕದಲ್ಲಿ ಮೊದಲ ಮೊಡವೆ ಎದ್ದಿತು. ಸೊಳ್ಳೆ ಕಚ್ಚಿದ್ದು ಎಂದುಕೊಂಡೆ. ಮರುದಿನ ಹಣೆಯಲ್ಲಿ ಎರಡು. ಆಮೇಲೆ ಲೆಕ್ಕ ಬಿಟ್ಟೆ. ಹಣೆ ಯಾವಾಗಲೂ ಎಣ್ಣೆ ಹಚ್ಚಿದ ಬಾಣಲೆಯ ಹಾಗೆ ಹೊಳೆಯುತ್ತಿತ್ತು. ಅಂಗಿ ಕಳಚಿದರೆ ಅಪ್ಪನ ಅಂಗಿಯ ವಾಸನೆ. ಸಾಲದ್ದಕ್ಕೆ ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಂದು ದಿನ ಬೆಳಿಗ್ಗೆ ಕನ್ನಡಿಯಲ್ಲಿ ಮೇಲ್ತುಟಿಯ ಮೇಲೆ ಕಪ್ಪು ನೆರಳು ಕಂಡಿತು. ಒರೆಸಿದೆ. ಹೋಗಲಿಲ್ಲ. ಸಾಬೂನು ಹಾಕಿ ತಿಕ್ಕಿದೆ. ಹೋಗಲಿಲ್ಲ. ನಮ್ಮ ಕ್ಲಾಸಿನ ಉಳಿದ ಹುಡುಗರು ಮೀಸೆ ಬರಲೆಂದು ಅಪ್ಪನ ರೇಜರು ಕದ್ದು ಗೀರಿಕೊಳ್ಳುತ್ತಿದ್ದ ಕಾಲ ಅದು. ಬಯಸಿದವರಿಗೆ ಬಾರದ ಮೀಸೆ ಬೇಡದವನ ಮುಖಕ್ಕೆ ಬಂದು ಕೂತಿತ್ತು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಬ್ಲೇಡು ಮುಟ್ಟಿಸುವಂತಿರಲಿಲ್ಲ. ಒಮ್ಮೆ ಬೋಳಿಸಿದರೆ ದುಪ್ಪಟ್ಟು ದಪ್ಪ ಬರುತ್ತದೆ ಎಂದು ಇಡೀ ಶಾಲೆಗೆ ಗೊತ್ತಿತ್ತು. ನನಗೆ ಹೊಳೆದದ್ದು ಕಸ್ತೂರಿ ಅರಿಶಿನ. ನಮ್ಮ ಚಿಕ್ಕಮ್ಮಂದಿರೆಲ್ಲ ಮುಖದಲ್ಲಿ ಕೂದಲು ಬಾರದಿರಲೆಂದು ಸಣ್ಣದರಲ್ಲಿ ಅದನ್ನು ಹಚ್ಚಿಕೊಂಡವರೇ. ಹೆಂಗಸರಿಗೆ ಆದದ್ದು ಸ್ತ್ರೀವೇಷಕ್ಕೆ ಆಗದೆ ಇರುತ್ತದೆಯೇ? ಅಮ್ಮನಿಗೆ ಹೇಳಿದೆ. ಅವರಿಗೂ ಸರಿ ಎನಿಸಿತು. ಅಜ್ಜಿಗೆ ಗೊತ್ತಾಗದ ಹಾಗೆ ಕಲ್ಲಿನಲ್ಲಿ ಅರೆದು, ಮೊಡವೆಗೂ ಒಳ್ಳೆಯದಾಗಲಿ ಎಂದು ತೆಂಗಿನೆಣ್ಣೆಯಲ್ಲಿ ಕಲಸಿ ಕೊಟ್ಟರು. ನಾನು ಮಲಗುವ ಮೊದಲು ಮುಖ, ಕತ್ತು, ಕಿವಿಯ ಹಿಂದೆ ಎಲ್ಲ ಬಳಿದುಕೊಂಡೆ. ಆಸೆಗೆ ಮಿತಿ ಬೇಡವೇ? ನನಗಿರಲಿಲ್ಲ. ಕಣ್ಣಿನ ಒಳಗೂ ಸ್ವಲ್ಪ ಹೋಯಿತು.

ವಾರ ಕಳೆಯುವುದರೊಳಗೆ ನಾನು ಹಳದಿಯಾದೆ. ಮುಖ ಹಳದಿ, ಉಗುರು ಹಳದಿ, ಉಜ್ಜಿ ಉಜ್ಜಿ ಕಣ್ಣು ಕೆಂಪು ಹಳದಿ. ಶಾಲೆಯಲ್ಲಿ ಪಿ.ಟಿ. ಮಾಷ್ಟ್ರು ನನ್ನ ರೆಪ್ಪೆ ಎಳೆದು ನೋಡಿ, ಕಾಮಾಲೆ ಎಂದು ತೀರ್ಮಾನಿಸಿ ಅಪ್ಪನಿಗೆ ಫೋನು ಮಾಡಿದರು. ನಮ್ಮ ಕಡೆ ಕಾಮಾಲೆ ಎಂದ ಕೂಡಲೇ ಡಾಕ್ಟರನ್ನು ಹುಡುಕುವುದಿಲ್ಲ, ನೆಲನೆಲ್ಲಿ ಹುಡುಕುತ್ತಾರೆ. ಅಪ್ಪ ನನ್ನನ್ನು ಕರೆದುಕೊಂಡು ಮನೆಗೆ ಬರುವಾಗ ಅಜ್ಜಿ ತೋಟದ ಬದಿಯಿಂದ ಒಂದು ಮುಷ್ಟಿ ನೆಲನೆಲ್ಲಿ ಕಿತ್ತು ತಂದು ಜಜ್ಜುತ್ತಿದ್ದರು. ಮಜ್ಜಿಗೆಯಲ್ಲಿ ಕದಡಿ ಲೋಟ ತುಂಬಿಸಿ ಕೈಗೆ ಕೊಟ್ಟರು. ಜೊತೆಗೆ ಪಥ್ಯ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಕರಿದದ್ದು ಇಲ್ಲ, ಮೈಗೂ ಎಣ್ಣೆ ತಾಗಿಸುವಂತಿಲ್ಲ. ನಿಜ ಹೇಳಿದರೆ ಅರಿಶಿನದ ವಿಷಯ ಹೊರಗೆ ಬರುತ್ತದೆ, ಅಪ್ಪ ಊರೆಲ್ಲ ಹೇಳಿ ನಗುತ್ತಾರೆ. ನಾನು ಅಮ್ಮನ ಮುಖ ನೋಡಿದೆ, ಅಮ್ಮ ಅಡುಗೆಮನೆಯ ಕಿಟಕಿ ನೋಡಿದರು. ಕುಡಿದೆ. ಅಷ್ಟು ಕಹಿಯನ್ನು ಇವತ್ತಿನವರೆಗೆ ಇನ್ನೊಮ್ಮೆ ಕುಡಿದಿಲ್ಲ.

ಆಶ್ಚರ್ಯವೆಂದರೆ ಆ ಪಥ್ಯದ ದಿನಗಳಲ್ಲಿ ಮೊಡವೆ ಸ್ವಲ್ಪ ಇಳಿಯಿತು. ಅರಿಶಿನ ನಿಂತದ್ದರಿಂದ ಹಳದಿಯೂ ಬಿಟ್ಟಿತು. ಕಾಮಾಲೆ ಗುಣವಾಯಿತೆಂದು ಅಜ್ಜಿ ನೆರೆಮನೆಯವರಿಗೆಲ್ಲ ಹೇಳಿದರು. ಅಲ್ಲಿಂದ ಅವರ ನೆಲನೆಲ್ಲಿಗೆ ಎಂಥ ಹೆಸರು ಬಂತೆಂದರೆ ಯಾರ್ಯಾರೋ ಮನೆ ಹುಡುಕಿಕೊಂಡು ಬರತೊಡಗಿದರು. ನಾನು ಆ ಗುಟ್ಟನ್ನು ಅಜ್ಜಿ ಇರುವವರೆಗೆ ಬಿಟ್ಟುಕೊಡಲಿಲ್ಲ.

ಪಥ್ಯ ಬಿಟ್ಟು, ಬಣ್ಣ ಹಚ್ಚಿ ಅಭ್ಯಾಸ ಶುರುವಾದದ್ದೇ ಮೊಡವೆಗಳು ಮೊದಲಿಗಿಂತ ಜೋರಾಗಿ ಬಂದವು. ಹಳದಿ, ಬಿಳಿ, ಕೆಂಪು ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಬಳಿಯುವ ಬಣ್ಣ ನಮ್ಮದು. ಗಲ್ಲದ ಮೇಲೆ ಗುಳ್ಳೆ ಎದ್ದರೆ ಬಣ್ಣ ಕೂರುವುದಿಲ್ಲ, ಉಬ್ಬಿಕೊಂಡು ಕಾಣುತ್ತದೆ. ಗುರುಗಳು ಬೈಯಲಿಲ್ಲ. ಅಭ್ಯಾಸ ಮುಗಿದ ಮೇಲೆ ನನ್ನನ್ನೂ ರಾಜನ ವೇಷದ ಹುಡುಗಿಯನ್ನೂ ಕರೆದು, ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕಲಿತುಕೊಳ್ಳಿ ಎಂದರು. ದೀಪಾವಳಿ ಕಳೆದು ನೋಡುತ್ತಾರಂತೆ. ನನ್ನ ಮುಖ ಸರಿಯಾಗದಿದ್ದರೆ ಅವಳು ರಾಣಿ, ನಾನು ರಾಜ.

ರಾಜನಾಗುವುದು ಅವಮಾನವೇನಲ್ಲ, ಉಳಿದ ಹುಡುಗರು ಅದಕ್ಕಾಗಿ ಜಗಳವಾಡುತ್ತಾರೆ. ಆದರೆ ನನಗೆ ಕಾಲಿಡಲು ಬರುತ್ತಿದ್ದದ್ದು, ಕಣ್ಣು ತಿರುಗಿಸಲು ಬರುತ್ತಿದ್ದದ್ದು, ಸಭೆಯನ್ನು ಸುಮ್ಮನಾಗಿಸಲು ಬರುತ್ತಿದ್ದದ್ದು ರಾಣಿಯಾಗಿ ಮಾತ್ರ. ಸೀರೆ ಬಿಟ್ಟರೆ ನಾನು ಯಾರೂ ಅಲ್ಲ ಎಂದು ನನಗೆ ಆಗ ಖಂಡಿತ ಅನಿಸುತ್ತಿತ್ತು.

ಈ ಗಡಿಬಿಡಿಯಲ್ಲಿ ಅಮ್ಮನ ಕಡೆ ನಾನು ಸರಿಯಾಗಿ ನೋಡಿರಲಿಲ್ಲ. ನೋಡಿದ್ದೆ, ಆದರೆ ಎಲ್ಲದಕ್ಕೂ ಮನೆಯಲ್ಲಿ ಒಂದೊಂದು ಉತ್ತರ ಸಿದ್ಧವಿತ್ತು. ಮೇ ತಿಂಗಳ ಸೆಕೆಯಲ್ಲಿ, ನಾವೆಲ್ಲ ನೆಲದ ಮೇಲೆ ಮಲಗಿ ಫ್ಯಾನಿನ ಕೆಳಗೆ ಜಾಗಕ್ಕೆ ಜಗಳವಾಡುವಾಗ, ಅಮ್ಮ ಕಂಬಳಿ ಹೊದ್ದು ಫ್ಯಾನು ಕಡಿಮೆ ಮಾಡಲು ಹೇಳುತ್ತಿದ್ದರು. ಅದು ನಿಶ್ಶಕ್ತಿ ಎಂದರು ಅಜ್ಜಿ. ಹಗಲು ಕುಳಿತಲ್ಲೇ ತೂಕಡಿಕೆ. ಅದು ಕೆಲಸ ಹೆಚ್ಚಾದದ್ದು. ಮಾತು ನಿಧಾನ, ದನಿ ಒಡಕು. ಅದು ಶೀತ. ಕಾಲಿನ ಚರ್ಮ ಒಣಗಿ ಬಿರಿದಿತ್ತು. ಅದು ತೋಟದ ಕೆಲಸ. ನೆರೆಮನೆಯ ಅಕ್ಕ, ನಲವತ್ತು ದಾಟಿತಲ್ಲ, ಮುಟ್ಟು ನಿಲ್ಲುವ ಕಾಲಕ್ಕೆ ಹೀಗೆಲ್ಲ ಎಂದರು. ಕನ್ನಡಿಯ ಹಿಂದಿನ ಚೀಲ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು. ನಾನು ಅದನ್ನು ಹಿಂಡಿ ನೋಡಿ ಕುಣಿಯುತ್ತಿದ್ದೆ. ರಾಣಿಯ ಜಡೆ ತಯಾರಾಗುತ್ತಿದೆ!

ಜೋರು ಮಳೆಯ ಆಟಿ ತಿಂಗಳ ಒಂದು ಶನಿವಾರ ಹಟ ಮಾಡಿ ಅಮ್ಮನನ್ನು ಪುತ್ತೂರಿನ ಚರ್ಮದ ಡಾಕ್ಟರರ ಹತ್ತಿರ ಹೊರಡಿಸಿದೆ. ಅಮ್ಮ ಮೊಬೈಲಿನಲ್ಲಿ ಓದಿ, ಇದೆಲ್ಲ ಹಾರ್ಮೋನು ಎಂದು ಹೇಳಿದ್ದರು. ಹಾರ್ಮೋನು ಎಂದರೆ ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಏನೇ ಆಗಿರಲಿ, ಜನವರಿಯವರೆಗೆ ಅದನ್ನು ನಿಲ್ಲಿಸುವ ಒಂದು ಮಾತ್ರೆ ಇದ್ದೇ ಇರುತ್ತದೆ ಎಂದು ನನ್ನ ಲೆಕ್ಕಾಚಾರ. ಬಸ್ಸಿನಲ್ಲಿ ಅಮ್ಮ ಸೀಟಿಗೆ ತಲೆ ಕೊಟ್ಟು ಪುತ್ತೂರು ಬರುವವರೆಗೆ ನಿದ್ದೆ ಹೋದರು.

ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ನನ್ನ ಮುಖವನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಏನೇನು ಹಚ್ಚಿದ್ದೀ ಎಂದು ಕೇಳಿದರು. ಎಲ್ಲ ಹೇಳಿದೆ, ನೆಲನೆಲ್ಲಿಯನ್ನೂ ಬಿಡದೆ. ಅವರು ಕುರ್ಚಿಗೆ ಒರಗಿ ನಕ್ಕರು. ಆಮೇಲೆ ಸಮಾಧಾನದಿಂದ ವಿವರಿಸಿದರು. ಈ ವಯಸ್ಸಿನಲ್ಲಿ ಹುಡುಗರ ಮೈಯಲ್ಲಿ ಗಂಡಸಿನ ಹಾರ್ಮೋನು ಏರುತ್ತದೆ. ಅದು ರಕ್ತದಲ್ಲಿ ಎಲ್ಲ ಕಡೆ ಹೋಗಿ ಅಲ್ಲಲ್ಲಿಗೆ ಸುದ್ದಿ ಮುಟ್ಟಿಸುತ್ತದೆ. ಚರ್ಮದ ಎಣ್ಣೆಯ ಗ್ರಂಥಿಗಳಿಗೆ ಎಣ್ಣೆ ಹೆಚ್ಚು ಮಾಡಲು ಹೇಳುತ್ತದೆ, ತುಟಿಯ ಮೇಲಿನ ರೋಮಕ್ಕೆ ಕಪ್ಪಾಗಲು ಹೇಳುತ್ತದೆ, ಗಂಟಲಿಗೆ ದಪ್ಪವಾಗಲು ಹೇಳುತ್ತದೆ. ಎಣ್ಣೆ ಹೆಚ್ಚಾಗಿ ರಂಧ್ರ ಕಟ್ಟಿದಲ್ಲಿ ಮೊಡವೆ. ಅದರ ಮೇಲೆ ನಾನು ತೆಂಗಿನೆಣ್ಣೆ, ಅರಿಶಿನ, ಬಣ್ಣ ಎಲ್ಲ ಮೆತ್ತಿ ಇನ್ನಷ್ಟು ಕಟ್ಟಿಸಿದ್ದೆ. ಪಥ್ಯದಲ್ಲಿ ಇಳಿದದ್ದು ಮುಖಕ್ಕೆ ಎಣ್ಣೆ ಮುಟ್ಟಿಸದೆ ಇದ್ದದ್ದಕ್ಕೆ ಇರಬೇಕು ಎಂದರು. ಹಚ್ಚಲು ಒಂದು ಟ್ಯೂಬು ಬರೆದರು, ಚಿವುಟಬೇಡ ಎಂದರು. ಬೋಳಿಸಿದರೆ ಮೀಸೆ ದಪ್ಪವಾಗುವುದು ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿ ಒರಟಾಗಿ ಕಾಣುತ್ತದೆ ಅಷ್ಟೆ.

ನನಗೆ ಬೇಕಾದದ್ದು ಅದಲ್ಲ. "ಇದನ್ನು ನಿಲ್ಲಿಸ್ಲಿಕ್ಕೆ ಮಾತ್ರೆ ಇಲ್ವಾ ಡಾಕ್ಟ್ರೆ? ಜನವರಿವರೆಗೆ ಸಾಕು."

"ನಿನಗೆ ರೋಗ ಎಂತದ್ದೂ ಇಲ್ಲ ಮಾರಾಯ," ಎಂದರು. "ನೀನು ದೊಡ್ಡವನಾಗುದು. ಅದಕ್ಕೆ ಮದ್ದುಂಟಾ?"

ನನಗೆ ಅಳುವೇ ಬಂತು. ರೋಗವಿಲ್ಲ ಎಂದು ಕೇಳಿ ಅತ್ತ ರೋಗಿಯನ್ನು ಅವರು ನೋಡಿರಲಿಕ್ಕಿಲ್ಲ. ಕಡಬದ ಆಟ, ರಾಣಿಯ ಪಾತ್ರ, ಗುರುಗಳ ಎಚ್ಚರಿಕೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರಿಗೆ ನಂಬಿಕೆ ಬರಲಿ ಎಂದು ಚೌರಿಯ ವಿಷಯವನ್ನೂ ಸೇರಿಸಿದೆ. ಉಳಿದವರದ್ದೆಲ್ಲ ನೈಲಾನು, ನನ್ನದು ಅಮ್ಮನ ನಿಜವಾದ ಕೂದಲು. ಮೊದಲಿನದ್ದು ಕಟ್ಟಲು ಅಮ್ಮ ಮದುವೆಯಾದಂದಿನಿಂದ ಕೂಡಿಡಬೇಕಾಯಿತು, ಈ ಸಲದ್ದಕ್ಕೆ ನಾಲ್ಕೈದು ತಿಂಗಳಲ್ಲೇ ಸಾಕಷ್ಟು ಆಗಿಹೋಯಿತು, ಕಟ್ಟಿದರೆ ಮಣಿಕಟ್ಟಿನಷ್ಟು ದಪ್ಪ! ಕೈಯಲ್ಲಿ ಗಾತ್ರ ತೋರಿಸಿದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು.

"ನಾಲ್ಕೈದು ತಿಂಗಳಲ್ಲಿ ಅಷ್ಟು ಉದುರಿತಾ?"

ಅಮ್ಮ ಸಂಕೋಚದಿಂದ ಸೆರಗು ಎಳೆದುಕೊಂಡು, ತನಗೇನಿಲ್ಲ, ಹುಡುಗನಿಗೆ ತೋರಿಸಲು ಬಂದದ್ದು ಎಂದರು. ಡಾಕ್ಟರು ಎದ್ದು ಬಂದು ಅಮ್ಮನ ಬೈತಲೆ ನೋಡಿದರು. ಹುಬ್ಬಿನ ಹೊರತುದಿಗೆ ಬೆರಳಿಟ್ಟರು. ಅಲ್ಲಿ ಹುಬ್ಬೇ ಇರಲಿಲ್ಲ. ನಾನು ದಿನಾ ನೋಡುವ ಮುಖ, ಅದರಲ್ಲಿ ಅರ್ಧ ಹುಬ್ಬು ಇಲ್ಲದ್ದು ನನಗೆ ಆಗ ಕಂಡಿತು. ಮೊಣಕೈಯ ಚರ್ಮ ಮುಟ್ಟಿದರು, ಕುತ್ತಿಗೆ ಒತ್ತಿ ಉಗುಳು ನುಂಗಲು ಹೇಳಿದರು. ಚಳಿಯಾಗುತ್ತದೆಯೇ, ಮಲ ಗಟ್ಟಿಯೇ, ನಿದ್ದೆ ಹೆಚ್ಚೇ, ಮುಟ್ಟು ಹೇಗೆ ಎಂದು ಒಂದೊಂದಾಗಿ ಕೇಳಿದರು. ಪ್ರತಿಯೊಂದಕ್ಕೂ ಅಮ್ಮ ಹೌದು ಎಂದು, ಕೂಡಲೇ ಮನೆಯಲ್ಲಿ ಸಿದ್ಧವಿದ್ದ ಉತ್ತರವನ್ನೂ ಹೇಳಿದರು. ಶೀತ, ತೋಟದ ಕೆಲಸ, ವಯಸ್ಸು. ಡಾಕ್ಟರು ಎಲ್ಲ ಕೇಳಿ ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಸೋಮವಾರ ಅಪ್ಪನೂ ಸೇರಿ ಹೋದಾಗ ಗೊತ್ತಾಯಿತು. ಥೈರಾಯ್ಡ್. ಕುತ್ತಿಗೆಯಲ್ಲಿರುವ ಆ ಸಣ್ಣ ಗ್ರಂಥಿ ಕೆಲಸ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. ಅದರ ಹಾರ್ಮೋನು ಕಡಿಮೆಯಾದರೆ ಇಡೀ ಮೈ ಮಂದವಾಗುತ್ತದೆ, ಚರ್ಮ ಒಣಗುತ್ತದೆ, ಬೆಳೆಯಬೇಕಾದ ಕೂದಲು ಬೆಳವಣಿಗೆ ನಿಲ್ಲಿಸಿ ಒಂದೇ ಸಲ ಉದುರಲು ಹೊರಡುತ್ತದೆ. ಇನ್ನೂ ಹಾಗೇ ಬಿಟ್ಟಿದ್ದರೆ ಹೃದಯಕ್ಕೆ ತೊಂದರೆಯಾಗುತ್ತಿತ್ತು ಎಂದು ಡಾಕ್ಟರು ಅಪ್ಪನಿಗೆ ನೇರವಾಗಿಯೇ ಹೇಳಿದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ, ಬಹುಶಃ ಬದುಕಿಡೀ. ಉದುರುವುದು ಕೂಡಲೇ ನಿಲ್ಲುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು.

"ನಿನ್ನ ಮೊಡವೆ ತೋರಿಸ್ಲಿಕ್ಕೆ ಹೋಗಿ ನನ್ನ ರೋಗ ಹಿಡಿದು ತಂದೆವಲ್ಲ ಮಗ," ಎಂದರು ಅಮ್ಮ ಬಸ್ಸಿನಲ್ಲಿ. ಅಮ್ಮ ಸತ್ತೇಹೋಗಬಹುದಿತ್ತು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ನಾನು ಹೆದರಿದ್ದೆ. ಹೆದರಿಕೆಯ ಜೊತೆಗೇ ಒಂದು ವಿಚಿತ್ರ ಉತ್ಸಾಹವೂ ಇತ್ತು. ಮದ್ದುಂಟು! ನನ್ನ ರೋಗಕ್ಕಿಲ್ಲದ ಮದ್ದು ಅಮ್ಮನ ರೋಗಕ್ಕೆ ಉಂಟು, ಅದೂ ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆ.

ಅಂದಿನಿಂದ ನಮ್ಮ ಮನೆಯ ಕನ್ನಡಿಗೆ ಬಿಡುವಿರಲಿಲ್ಲ. ಬೆಳಿಗ್ಗೆ ಎದ್ದವನೇ ಅಮ್ಮನಿಗೆ ಮಾತ್ರೆ, ನೀರು ಕೊಡುವುದು ನನ್ನ ಕೆಲಸ. ಮಾತ್ರೆ ನುಂಗಿ ಅರ್ಧ ಗಂಟೆಯಾದರೂ ಚಹಾ ಕುಡಿಯುವಂತಿಲ್ಲ. ಎದ್ದ ಕೂಡಲೇ ಚಹಾ ಬೇಕಾದ ಅಮ್ಮನಿಗೆ ಇಡೀ ಚಿಕಿತ್ಸೆಯಲ್ಲಿ ಕಷ್ಟವಾದದ್ದು ಅದೊಂದೇ. ಒಲೆಯ ಮುಂದೆ ಕೂತು ಗಡಿಯಾರಕ್ಕೆ ಬೈಯುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ಅವರ ಹಣೆಯನ್ನೂ ನನ್ನ ಗಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದೆ. ನಮ್ಮಿಬ್ಬರದ್ದೂ ಒಂದೇ ಕಥೆ ಎಂದು ನನಗೆ ಖುಷಿ. ನನಗೆ ಒಂದು ಏರಿದೆ, ಅಮ್ಮನಿಗೆ ಒಂದು ಇಳಿದಿದೆ, ಕಣ್ಣಿಗೆ ಕಾಣದ ಆ ಎರಡೂ ಬಂದು ಕಾಣಿಸಿಕೊಂಡದ್ದು ಚರ್ಮದಲ್ಲಿ, ಕೂದಲಲ್ಲಿ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಗ್ರಂಥಿಗಳ ಪಾಠ ಬಂದಾಗ ನಾನು ಒಬ್ಬನೇ ಕೈ ಎತ್ತಿ ಎತ್ತಿ ಮಾಷ್ಟ್ರಿಗೆ ಪಾಠ ಮಾಡಲು ಬಿಡಲಿಲ್ಲ.

ಮೊದಲು ಬಂದದ್ದು ಸೆಕೆ. ನವರಾತ್ರಿ ಹೊತ್ತಿಗೆ ಅಮ್ಮ ಒಂದು ದಿನ ಮಧ್ಯಾಹ್ನ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ಎಂತ ಸೆಕೆ ಮಾರಾಯ ಎಂದರು. ನಾನು ಓಡಿ ಹೋಗಿ ಫ್ಯಾನು ಪೂರ್ತಿ ಜೋರು ಮಾಡಿದೆ. ಅಜ್ಜಿಗೆ ನಾವಿಬ್ಬರು ಯಾಕೆ ಅಷ್ಟು ಕುಣಿಯುತ್ತಿದ್ದೇವೆಂದು ತಿಳಿಯಲೇ ಇಲ್ಲ. ಆದರೂ ಅಮ್ಮ ಇನ್ನೂ ಪೂರ್ತಿ ಅಮ್ಮನಾಗಿರಲಿಲ್ಲ. ಕೆಲಸ ಮಾಡುತ್ತಿದ್ದರು, ಮಾತಾಡುತ್ತಿದ್ದರು, ಮುಖದಲ್ಲಿ ಮಾತ್ರ ಒಂದು ಮಂಕು ಹಾಗೇ ಉಳಿದಿತ್ತು. ಮದ್ದಿನ ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಡಾಕ್ಟರು ಕಾಯಿರಿ ಎಂದೇ ಹೇಳುತ್ತಿದ್ದರು.

ಚೀಲದ ಕೂದಲು ಕಂಡರೆ ನನಗೆ ಈಗ ಹೆದರಿಕೆಯಾಗುತ್ತಿತ್ತು. ಅದನ್ನು ಎಲ್ಲಾದರೂ ಹೂತುಬಿಡೋಣ, ನಾನು ನೈಲಾನು ಕಟ್ಟಿಕೊಳ್ಳುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ.

"ಉದುರಿದ್ದು ಉದುರಿ ಆಯ್ತು. ಅದನ್ನು ಯಾಕೆ ದಂಡ ಮಾಡುದು? ರಾಣಿ ಸಪೂರ ಜಡೆ ಹಾಕಿ ಹೋದ್ರೆ ಮರ್ಯಾದೆ ಯಾರದ್ದು ಹೋಗುದು?"

ಒಂದು ಮಧ್ಯಾಹ್ನವಿಡೀ 'ಹಿಡಿ, ಬಿಡು, ಹಿಡಿ' ಎಂದು ನನ್ನ ಕೈಯಲ್ಲಿ ತುದಿ ಹಿಡಿಸಿ ಎಳೆ ಎಳೆ ಬಿಡಿಸಿ ಕಟ್ಟಿದರು.

ದೀಪಾವಳಿ ಕಳೆದು ಗುರುಗಳು ನನ್ನ ಮುಖ ಬೆಳಕಿಗೆ ತಿರುಗಿಸಿದರು, ಐದನೇ ಕ್ಲಾಸಿನಲ್ಲಿ ತಿರುಗಿಸಿದ ಹಾಗೆಯೇ. ಮೊಡವೆ ಬಹಳಷ್ಟು ಇಳಿದಿತ್ತು, ಕಲೆ ಉಳಿದಿತ್ತು. ಬಣ್ಣದಡಿ ಕಲೆ ಕಾಣುವುದಿಲ್ಲ ಎಂದರು. ಆದರೆ ಆ ಹೊತ್ತಿಗೆ ಇನ್ನೊಂದು ಪಿಶಾಚಿ ಹಿಡಿದಿತ್ತು. ದನಿ. ಒಳ್ಳೆಯ ಹೆಣ್ಣುದನಿಯಲ್ಲಿ ಮಾತಾಡುತ್ತಿದ್ದವನು ಮಧ್ಯದಲ್ಲಿ ಹಠಾತ್ತನೆ ಕೋಣದ ದನಿಗೆ ಜಾರುತ್ತಿದ್ದೆ. ಯಾವಾಗ, ಯಾವ ಮಾತಿಗೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಗುರುಗಳು ಬಹಳ ಹೊತ್ತು ಕೇಳಿದರು. ಕೊನೆಗೆ ರಾಣಿ ನೀನೇ ಎಂದರು, ಇದು ಕೊನೇ ಸಲ ಎಂದೂ ಹೇಳಿದರು. ನಾನು ಕೊನೇ ಸಲ ಎಂಬುದನ್ನು ಕೇಳಿಸಿಕೊಳ್ಳಲೇ ಇಲ್ಲ, ಅವರ ಕಾಲಿಗೆ ಬಿದ್ದು ಎದ್ದು ಬಸ್‌ಸ್ಟ್ಯಾಂಡಿನವರೆಗೆ ಓಡಿದೆ.

ಕಡಬದಲ್ಲಿ ಆಟ ಶುರುವಾಗುವುದು ಮಧ್ಯಾಹ್ನ ಮೂರು ಗಂಟೆಗೆ. ಚೌಕಿಯಲ್ಲಿ ಬಣ್ಣಕ್ಕೆ ಕೂರುವ ಮೊದಲು ಗುರುಗಳು ನನ್ನನ್ನು ಬದಿಗೆ ಕರೆದು ರೇಜರು ತೆಗೆದರು. ನಾನು ಹಿಂದೆ ಸರಿದೆ. ಡಾಕ್ಟರು ಹೇಳಿದ್ದು ಗೊತ್ತಿದ್ದರೂ ಹಳೆಯ ಹೆದರಿಕೆ ಬಿಟ್ಟಿರಲಿಲ್ಲ.

"ನಾನು ಇಪ್ಪತ್ತು ವರ್ಷ ಹೀಗೆ ಬೋಳಿಸಿಯೇ ರಾಣಿ ಆದದ್ದು," ಎಂದರು ಗುರುಗಳು. "ಗಲ್ಲ ಎತ್ತು."

ನನ್ನ ಮೊದಲ ಕ್ಷೌರ ಅದು, ಯಕ್ಷಗಾನದ ಚೌಕಿಯಲ್ಲಿ, ರಾಣಿಯಾಗಲೆಂದು. ನನ್ನ ಎದುರಿಗೆ ಕನ್ನಡಿ ಹಿಡಿದು ಕೂತ ಹುಡುಗಿ ಕಪ್ಪು ಬಣ್ಣದಲ್ಲಿ ತನ್ನ ತುಟಿಯ ಮೇಲೆ ಮೀಸೆ ಬರೆಯುತ್ತಿದ್ದಳು. ನಾನು ಬೋಳಿಸಿ ತೆಗೆದದ್ದನ್ನು ಅವಳು ಬರೆದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಲಾರದೆ, ನಕ್ಕರೆ ಬಣ್ಣ ಬಿರಿಯುತ್ತದೆ ಎಂದು ಕೆಳಗೆ ನೋಡಿ ಕೂತೆವು.

ಪರದೆ ಸರಿದು ರಂಗಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಅಮ್ಮ, ಅಜ್ಜಿ ಕೂತದ್ದು ಕಂಡಿತು. ಜಡೆ ಬೆನ್ನ ಮೇಲೆ ಭಾರವಾಗಿ ತೂಗುತ್ತಿತ್ತು. ಹೆಜ್ಜೆ ಕೂಡಿತು, ಪದ ಕೂಡಿತು, ಸಭೆ ಸುಮ್ಮನಾಯಿತು. ನನಗೆ ಗೊತ್ತಿದ್ದ ಆ ನಿಶ್ಶಬ್ದ! ಮೈ ಜುಮ್ಮೆಂದಿತು. ರಾಜ ಯುದ್ಧಕ್ಕೆ ಹೊರಟು ನಿಂತ. ನಾನು ಸೆರಗು ಹಿಡಿದು ಒಂದು ಹೆಜ್ಜೆ ಮುಂದೆ ಬಂದು, "ಸ್ವಾಮೀ, ನಿಮ್ಮನ್ನು ಅಗಲಿ ನಾನು ಹೇಗೆ..." ಎನ್ನುವವರೆಗೆ ಕೋಗಿಲೆ. "ಬದುಕಲಿ" ಎನ್ನುವಾಗ ಕೋಣ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮದ್ದಳೆಯ ಕೈ ನಿಂತಿತು. ನಾನು ಬೆವೆತುಹೋದೆ, ಬಣ್ಣದಡಿ ಮುಖ ಉರಿಯುತ್ತಿತ್ತು. ಓಡಿಹೋಗಲು ಒಂದೇ ಹೆಜ್ಜೆ ಸಾಕಿತ್ತು. ರಾಜ ನನ್ನ ಕಡೆ ತಿರುಗಿದ. ಆ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬಂತೋ, ಪ್ರಸಂಗದಲ್ಲಿ ಇಲ್ಲದ ಮಾತನ್ನು ಎತ್ತಿದಳು.

"ದೇವೀ, ನಿನ್ನ ಕೋಗಿಲೆಯ ಕಂಠಕ್ಕೆ ಏನಾಯಿತು?"

ನನಗೆ ಯೋಚಿಸಲು ಹೊತ್ತಿರಲಿಲ್ಲ. ಹೆಣ್ಣುದನಿಯನ್ನು ಹುಡುಕದೆ, ಬಂದದ್ದೇ ದನಿಯಲ್ಲಿ, ಆ ದಪ್ಪ ಒಡಕು ದನಿಯಲ್ಲಿಯೇ ಹೇಳಿದೆ.

"ನೀವು ಯುದ್ಧಕ್ಕೆ ಹೋದರೆ ಅರಮನೆಗೆ ಕಳ್ಳಕಾಕರು ಬರುತ್ತಾರೆ ಸ್ವಾಮೀ. ಒಳಗಿನಿಂದ ಒಂದು ಗಂಡುದನಿಯಾದರೂ ಕೇಳಲಿ ಎಂದು ಅಭ್ಯಾಸ ಮಾಡುತ್ತಿದ್ದೇನೆ."

ಸಭೆ ಸಿಡಿಯಿತು. ಕುರ್ಚಿಗಳು ಅಲ್ಲಾಡಿದವು, ಭಾಗವತರು ಜಾಗಟೆ ಕೆಳಗಿಟ್ಟು ನಕ್ಕರು. ಆ ಗದ್ದಲದೊಳಗೆ ಒಂದು ನಗು ಬೇರೆಯಾಗಿ ಕೇಳಿತು. ಮೊದಲು ಉಸಿರು ಸಿಕ್ಕಿಕೊಂಡ ಹಾಗೆ, ಆಮೇಲೆ ಬಿಕ್ಕಳಿಕೆಯ ಹಾಗೆ, ಆಮೇಲೆ ತಡೆಯೇ ಇಲ್ಲದೆ. ಅಮ್ಮ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಮುಂದಕ್ಕೆ ಬಾಗಿ, ಕಣ್ಣಲ್ಲಿ ನೀರು ಬರಿಸಿಕೊಂಡು ನಗುತ್ತಿದ್ದರು, ಪಕ್ಕದಲ್ಲಿ ಅಜ್ಜಿ ಅವರ ಬೆನ್ನು ತಟ್ಟುತ್ತಿದ್ದರು. ಆ ನಗುವನ್ನು ಕೇಳದೆ ಎಷ್ಟು ತಿಂಗಳಾಗಿತ್ತೆಂದು ನನಗೆ ಆ ಕ್ಷಣದವರೆಗೆ ಗೊತ್ತೇ ಇರಲಿಲ್ಲ. ಅದು ಹೋದದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ರಂಗದ ಮೇಲೆ ನಿಂತು ನನಗೆ ಕಿರುಚಬೇಕೆನಿಸಿತು, ಅಮ್ಮ ಬಂದರು ಎಂದು.

ಭಾಗವತರು ಮುಂದಿನ ಪದ ಎತ್ತಿಕೊಂಡರು. ನಾನು ಕುಣಿಯಬೇಕಿತ್ತು, ಕಾಲು ಏಳಲಿಲ್ಲ, ಕಣ್ಣು ಮುಂದಿನ ಸಾಲಿನಲ್ಲೇ ಇತ್ತು. ಅವರು ಅದೇ ಪದವನ್ನು ಇನ್ನೊಮ್ಮೆ ಎತ್ತಿಕೊಂಡರು. ಸಭೆಯೆಲ್ಲ ಆಗಲೇ ಸುಮ್ಮನಾಗಿತ್ತು. ಅಮ್ಮ ಇನ್ನೂ ನಗುತ್ತಿದ್ದರು.